ವ್ಯಾಸೆಕ್ಟಮಿಯ ನಂತರ ವೀರ್ಯನಾಳಗಳ ಮರುಜೋಡಣೆ: ಶಸ್ತ್ರಚಿಕಿತ್ಸೆ, ಫಲ ಮತ್ತು ಚೇತರಿಕೆ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಲ್ಲಿ ಆರೋಗ್ಯ ಮತ್ತು ನೈರ್ಮಲ್ಯದ ಬೆನ್ನಿಗೇ ಕುಟುಂಬ ಕಲ್ಯಾಣವನ್ನೂ ಹೆಸರಿಸಿದೆ. ಚರಂಡಿ, ಕುಡಿಯುವ ನೀರು, ಬೀದಿದೀಪಗಳ ವಿಷಯ ಸಾಮಾನ್ಯ ಸಭೆಯಲ್ಲಿ ಗಟ್ಟಿಯಾಗಿ ಚರ್ಚೆಗೆ ಬರುತ್ತದೆ. ಕುಟುಂಬ ಕಲ್ಯಾಣದ ವಿಷಯ ಹಾಗೆ ಬರುವುದಿಲ್ಲ. ಅದು ಸಂಜೆಯ ಹೊತ್ತು ಸದಸ್ಯರ ಮನೆಯ ಕಟ್ಟೆಯವರೆಗೆ ಬಂದು, ಉಳಿದವರೆಲ್ಲ ಎದ್ದು ಹೋದ ಮೇಲೆ ತಗ್ಗಿದ ದನಿಯಲ್ಲಿ ಕೇಳುತ್ತದೆ: "ಆಪರೇಷನ್ ಆಗೇತ್ರಿ, ಮತ್ತ ಮಕ್ಕಳಾಗ್ತಾವೇನ್ರಿ?"

ಈ ಪ್ರಶ್ನೆಯ ಹಿಂದೆ ಬಹುಮಟ್ಟಿಗೆ ಒಂದು ಸಾವು ಇರುತ್ತದೆ. ಕೃಷಿ ಹೊಂಡಕ್ಕೆ ಬಿದ್ದ ಮಗು, ರಸ್ತೆ ಅಪಘಾತದಲ್ಲಿ ಹೋದ ಮಗ, ನಾಲ್ಕು ದಿನದ ಜ್ವರದಲ್ಲಿ ಕಣ್ಮುಚ್ಚಿದ ಮಗಳು. ಅಥವಾ ಹೆಂಡತಿ ತೀರಿಕೊಂಡು, ಹಿರಿಯರ ಒತ್ತಾಯದಿಂದ ಎರಡನೆಯ ಮದುವೆಯಾಗಿ, ಹೊಸದಾಗಿ ಬಂದ ಹೆಣ್ಣುಮಗಳಿಗೂ ತಾಯಿಯಾಗುವ ಆಸೆ ಇರುತ್ತದೆ. ಇಂಥ ಮನೆಯವರು ವೈದ್ಯರಲ್ಲಿಗೆ ಹೋಗುವ ಮೊದಲು ಪರಿಚಿತರನ್ನು ಕೇಳುತ್ತಾರೆ. ಊರಿನಲ್ಲಿ ಅವರಿಗೆ ಸಿಗುವ ಉತ್ತರಗಳು ಎರಡು. "ಅದು ಒಮ್ಮೆ ಕಡಿದರೆ ಮುಗೀತು" ಎಂಬುದು ಒಂದು, "ಅದರಾಗೇನೈತಿ, ಕೂಡಿಸಿದ್ರ ಆತು" ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ಇರುವ ದಾರಿಯನ್ನು ಮುಚ್ಚುತ್ತದೆ. ಎರಡನೆಯದು ಸಾಲ ಮಾಡಿಸಿ, ಹುಸಿ ಭರವಸೆಯಲ್ಲಿ ವರ್ಷಗಳನ್ನು ಕಳೆಯಿಸುತ್ತದೆ. ಸದಸ್ಯರು ವೈದ್ಯರಾಗಬೇಕಾಗಿಲ್ಲ. ಆದರೆ ಮೊದಲ ಮಾತು ಸದಸ್ಯರ ಬಾಯಿಂದ ಬರುವುದರಿಂದ ಆ ಮಾತು ಸರಿಯಾಗಿರಬೇಕು.

ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಊರಿನಲ್ಲಿ ತಿಳುವಳಿಕೆ ಕಡಿಮೆ ಇರಲು ಅದನ್ನು ಮಾಡಿಸಿಕೊಂಡವರೇ ಕಡಿಮೆ ಎಂಬುದೂ ಕಾರಣ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57ರಷ್ಟು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಪುರುಷರ ಪ್ರಮಾಣ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಸರಳವೂ ಚಿಕ್ಕದೂ ಆದ ಚಿಕಿತ್ಸೆ ಗಂಡಸಿನದೇ ಆಗಿದ್ದರೂ ಭಾರವನ್ನು ಹೆಂಗಸರೇ ಹೊತ್ತಿದ್ದಾರೆ. ಇದಕ್ಕೆ ಒಂದು ಹಳೆಯ ಗಾಯವೂ ಕಾರಣ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳು ನಡೆದವು. ಅವುಗಳಲ್ಲಿ 60 ಲಕ್ಷಕ್ಕೂ ಮೀರಿ ಪುರುಷರದ್ದೇ. ಒತ್ತಾಯದಿಂದ ನಡೆದ ಆ ಶಿಬಿರಗಳ ಭಯ ಮೊಮ್ಮಕ್ಕಳ ಕಾಲಕ್ಕೂ ಉಳಿದು, ಪುರುಷರ ಚಿಕಿತ್ಸೆ ಮತ್ತೆ ಹಳೆಯ ಸ್ಥಾನಕ್ಕೆ ಬರಲಿಲ್ಲ.

ಹೆಣ್ಣುಮಕ್ಕಳ ಗರ್ಭನಾಳಗಳ ಮರುಜೋಡಣೆಯೂ ಸಾಧ್ಯವಿರುವ ಚಿಕಿತ್ಸೆಯೇ. ಅದರ ವಿಧಾನ ಬೇರೆ, ಅಪಾಯಗಳು ಬೇರೆ, ತಜ್ಞರೂ ಬೇರೆ. ಆದ್ದರಿಂದ ಇಲ್ಲಿ ಪುರುಷರ ಚಿಕಿತ್ಸೆಯನ್ನು ಮಾತ್ರ ವಿವರಿಸಲಾಗಿದೆ.

ವ್ಯಾಸೆಕ್ಟಮಿಯಲ್ಲಿ ಆಗುವುದೇನೆಂಬುದನ್ನು ತಿಳಿದರೆ ಮರುಜೋಡಣೆ ಅರ್ಥವಾಗುತ್ತದೆ. ಎರಡು ವೃಷಣಗಳಿಂದ ಎರಡು ವೀರ್ಯನಾಳಗಳು ಮೇಲಕ್ಕೆ ಹೋಗುತ್ತವೆ. ಚಿಕಿತ್ಸೆಯಲ್ಲಿ ಈ ನಾಳಗಳನ್ನು ಮಾತ್ರ ಕಡಿದು ಕಟ್ಟಲಾಗುತ್ತದೆ. ವೃಷಣಗಳನ್ನು ಮುಟ್ಟುವುದಿಲ್ಲ, ಗಂಡಸುತನದ ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರುವುದರಿಂದ ಅದಕ್ಕೂ ತಡೆಯಿಲ್ಲ. ವೀರ್ಯದ ಬಹುಪಾಲು ದ್ರವ ಮೇಲಿನ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬರುತ್ತದೆ. ವೀರ್ಯಾಣುಗಳ ಪಾಲು ಅದರಲ್ಲಿ ಅತ್ಯಲ್ಪ. ಹೀಗಾಗಿ "ಆಪರೇಷನ್ ಆದವನಿಗೆ ಹೊಲದಾಗ ದುಡಿಯಾಕ ಆಗೂದಿಲ್ಲ" ಎಂಬ ಮಾತಿಗೆ ಆಧಾರವಿಲ್ಲ. ಚಿಕಿತ್ಸೆಯ ನಂತರವೂ ವೃಷಣಗಳು ವೀರ್ಯಾಣುಗಳನ್ನು ತಯಾರಿಸುತ್ತಲೇ ಇರುತ್ತವೆ. ಹೊರಗೆ ಹೋಗಲು ದಾರಿಯಿಲ್ಲದೆ ಅವು ದೇಹದಲ್ಲಿಯೇ ಕರಗುತ್ತವೆ. ದಾರಿಯನ್ನು ಮತ್ತೆ ತೆರೆಯುವ ಪ್ರಯತ್ನವೇ ಮರುಜೋಡಣೆ. ವೈದ್ಯರು ಇದನ್ನು ವ್ಯಾಸೋವ್ಯಾಸಾಸ್ಟಮಿ ಎನ್ನುತ್ತಾರೆ. ಸರ್ಕಾರಿ ಕಾಗದಗಳಲ್ಲಿ ರೀಕೆನಲೈಸೇಶನ್ ಎಂಬ ಹೆಸರೂ ಇದೆ.

ಕಡಿಯುವ ಕೆಲಸ ಕೆಲವೇ ನಿಮಿಷಗಳದ್ದು. ಕೂಡಿಸುವ ಕೆಲಸ ಹಾಗಲ್ಲ. ವೀರ್ಯನಾಳದ ಹೊರಗಿನ ದಪ್ಪ ಎರಡು-ಮೂರು ಮಿಲಿಮೀಟರ್. ಒಳಗಿನ ರಂಧ್ರ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಕಡಿದ ಎಳೆಯನ್ನು ಕಣ್ಣಳತೆಯಲ್ಲಿ ಕೂಡಿಸುವ ಬೆಟಗೇರಿಯ ನೇಕಾರರ ಬೆರಳುಗಳನ್ನು ಬಲ್ಲವರಿಗೆ ಈ ಕೆಲಸದ ಸೂಕ್ಷ್ಮತೆ ಬೇಗ ಮನದಟ್ಟಾಗುತ್ತದೆ. ಒಂದು ವ್ಯತ್ಯಾಸವಿದೆ: ಎಳೆಯನ್ನು ಗಂಟು ಹಾಕಿದರೂ ನೇಯ್ಗೆ ಸಾಗುತ್ತದೆ, ಆದರೆ ಇಲ್ಲಿರುವುದು ಕೊಳವೆ. ರಂಧ್ರಕ್ಕೆ ರಂಧ್ರವೇ ಕೂಡಬೇಕು, ಹೊಲಿಗೆಯ ನಡುವಿನಿಂದ ಸೋರಬಾರದು, ಗಾಯ ಮಾಯುವಾಗ ಒಳಗೆ ಮುಚ್ಚಿಕೊಳ್ಳಬಾರದು. ಆದ್ದರಿಂದ ಇದನ್ನು ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದ ಕೆಳಗೆ, ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಮಾಡಲಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಶೆರ್ಮನ್ ಸಿಲ್ಬರ್, ಆಸ್ಟ್ರೇಲಿಯಾದ ಅರ್ಲ್ ಓವನ್ ಮೊದಲಾದ ಶಸ್ತ್ರವೈದ್ಯರು ಈ ವಿಧಾನವನ್ನು ರೂಢಿಗೆ ತಂದ ಮೇಲೆ ಫಲ ಗಣನೀಯವಾಗಿ ಸುಧಾರಿಸಿತು. ಸೂಕ್ಷ್ಮದರ್ಶಕವಿಲ್ಲದೆ ಬರಿಗಣ್ಣಿನಿಂದ ಮಾಡುವ ಜೋಡಣೆಯ ಫಲ ಇದಕ್ಕಿಂತ ಕಡಿಮೆ.

ಇನ್ನು ಫಲದ ವಿಚಾರ. ಸದಸ್ಯರು ಚೆನ್ನಾಗಿ ನೆನಪಿಡಬೇಕಾದ ಭಾಗ ಇದೇ. ಅಮೆರಿಕದ ಐದು ಆಸ್ಪತ್ರೆಗಳ ವೈದ್ಯರು ಸೇರಿ 1,469 ಪುರುಷರ ಮರುಜೋಡಣೆಯ ಫಲಿತಾಂಶವನ್ನು 1991ರಲ್ಲಿ ಪ್ರಕಟಿಸಿದರು. ಇಂದಿಗೂ ವೈದ್ಯರು ಉದಾಹರಿಸುವುದು ಆ ಅಂಕಿಗಳನ್ನೇ. ವ್ಯಾಸೆಕ್ಟಮಿಯಾಗಿ ಮೂರು ವರ್ಷದೊಳಗೆ ಜೋಡಿಸಿದಾಗ ನೂರರಲ್ಲಿ 97 ಮಂದಿಯ ವೀರ್ಯದಲ್ಲಿ ವೀರ್ಯಾಣುಗಳು ಮರಳಿದವು; 76 ಮಂದಿಯ ಪತ್ನಿಯರು ಗರ್ಭಿಣಿಯರಾದರು. ಮೂರರಿಂದ ಎಂಟು ವರ್ಷವಾಗಿದ್ದರೆ ಈ ಸಂಖ್ಯೆಗಳು 88 ಮತ್ತು 53. ಒಂಬತ್ತರಿಂದ ಹದಿನಾಲ್ಕು ವರ್ಷವಾಗಿದ್ದರೆ 79 ಮತ್ತು 44. ಹದಿನೈದು ವರ್ಷ ಅಥವಾ ಅದಕ್ಕೂ ಮೇಲಾಗಿದ್ದರೆ 71 ಮತ್ತು 30.

ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಬಿಡಿಸಿ ಹೇಳದಿದ್ದರೆ ಕೇಳಿದವರು ಮೋಸಹೋಗುತ್ತಾರೆ. "ನೂರಕ್ಕೆ ತೊಂಬತ್ತು ಯಶಸ್ಸು" ಎಂಬ ಮಾತು ಕಿವಿಗೆ ಬಿದ್ದರೆ ಅದು ವೀರ್ಯಾಣು ಮರಳುವ ಯಶಸ್ಸೋ, ಮನೆಯಲ್ಲಿ ತೊಟ್ಟಿಲು ತೂಗುವ ಯಶಸ್ಸೋ ಎಂದು ಕೇಳಲೇಬೇಕು. ನಾಳ ತೆರೆದರೂ ಗರ್ಭ ನಿಲ್ಲದಿರಲು ಹಲವು ಕಾರಣಗಳಿವೆ. ವೀರ್ಯಾಣುಗಳ ಸಂಖ್ಯೆ ಅಥವಾ ಚಲನೆ ಸಾಲದೆ ಇರಬಹುದು. ನಾಳ ಮುಚ್ಚಿದ್ದ ವರ್ಷಗಳಲ್ಲಿ ದೇಹವು ತನ್ನದೇ ವೀರ್ಯಾಣುಗಳ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡಿರಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಪತ್ನಿಯ ವಯಸ್ಸು. ಮೂವತ್ತೈದು ದಾಟಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ವೇಗವಾಗಿ ಇಳಿಯುತ್ತದೆ. ನಲವತ್ತರ ನಂತರ ಇನ್ನೂ ಕಡಿಮೆ. ಚಿಕಿತ್ಸೆಯಾಗಿ ಹತ್ತು ವರ್ಷ ಕಳೆದ ಇಬ್ಬರು ಪುರುಷರಿದ್ದಾರೆ ಎಂದಿಟ್ಟುಕೊಳ್ಳಬಹುದು. ಒಬ್ಬರ ಪತ್ನಿಗೆ 28, ಇನ್ನೊಬ್ಬರ ಪತ್ನಿಗೆ 41. ಇಬ್ಬರ ನಾಳಗಳನ್ನೂ ಒಬ್ಬರೇ ವೈದ್ಯರು ಅಷ್ಟೇ ಚೆನ್ನಾಗಿ ಕೂಡಿಸಿದರೂ ಫಲ ಒಂದೇ ಆಗಿರುವುದಿಲ್ಲ. ಆದ್ದರಿಂದ ಪರೀಕ್ಷೆ ಗಂಡನೊಬ್ಬನದಲ್ಲ, ದಂಪತಿಗಳಿಬ್ಬರದೂ ಆಗಬೇಕು. ಎರಡನೆಯ ಮದುವೆಯಲ್ಲಿ ಬಂದ ಪತ್ನಿಗೆ ಹಿಂದೆಯೇ ಟ್ಯೂಬೆಕ್ಟಮಿ ಆಗಿದ್ದರೆ ಗಂಡನ ನಾಳ ಕೂಡಿಸಿ ಪ್ರಯೋಜನವಿಲ್ಲ. ಇದು ಹೇಳುವ ಅಗತ್ಯವಿಲ್ಲದ ಮಾತೆನಿಸಬಹುದು. ಆದರೆ ನಾಚಿಕೆಯಿಂದ ಯಾರೂ ಕೇಳದೆ, ಯಾರೂ ಹೇಳದೆ ಉಳಿಯುವ ಸಂಗತಿಗಳು ಇಂಥವೇ.

ಕಡಿದಾಗ ತೆಗೆದ ನಾಳದ ತುಂಡು ಉದ್ದವಾಗಿದ್ದರೆ, ಅಥವಾ ವೃಷಣಕ್ಕೆ ತೀರ ಹತ್ತಿರ ಕಡಿದಿದ್ದರೆ ಜೋಡಣೆ ಕಷ್ಟ. ಹಳೆಯ ಆಸ್ಪತ್ರೆಯ ಕಾಗದ, ಸಂತಾನಹರಣದ ಪ್ರಮಾಣಪತ್ರ ಮನೆಯಲ್ಲಿದ್ದರೆ ಹುಡುಕಿ ಒಯ್ಯಬೇಕು. ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ವೈದ್ಯರು ಕೈಯಿಂದ ಪರೀಕ್ಷಿಸಿ ಬಹಳಷ್ಟನ್ನು ತಿಳಿಯಬಲ್ಲರು.

ಎಲ್ಲಿಗೆ ಹೋಗಬೇಕು? ಮೊದಲ ಮೆಟ್ಟಿಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು. ಅವರಿಂದ ಬರೆಸಿಕೊಂಡ ಚೀಟಿಯೊಂದಿಗೆ ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ವಿಚಾರಿಸಬೇಕು. ಕುಟುಂಬ ಕಲ್ಯಾಣ ಕಾರ್ಯಕ್ರಮದ ಹೊಣೆ ಹೊತ್ತಿರುವ ಜಿಲ್ಲಾ ಆರ್.ಸಿ.ಎಚ್. ಅಧಿಕಾರಿಗಳ ಕಚೇರಿಯಲ್ಲಿಯೂ ಮಾರ್ಗದರ್ಶನ ದೊರೆಯುತ್ತದೆ. ಅಲ್ಲಿಂದ ಮುಂದಕ್ಕೆ ಕಳುಹಿಸಬೇಕಾಗಿ ಬಂದರೆ ಗದಗಿನಿಂದ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಂದರೆ ಜನ ಇಂದಿಗೂ ಕಿಮ್ಸ್ ಎಂದು ಕರೆಯುವ ಆಸ್ಪತ್ರೆ, ಹತ್ತಿರದ್ದು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಾಂಗ ರೋಗಗಳಿಗೆಂದೇ ಇರುವ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಕೇಳಬೇಕಾದ ಪ್ರಶ್ನೆಗಳು ಒಂದೇ: ಶಸ್ತ್ರಚಿಕಿತ್ಸೆಯನ್ನು ಸೂಕ್ಷ್ಮದರ್ಶಕದಲ್ಲಿ ಮಾಡುತ್ತಾರೆಯೇ, ಮಾಡುವ ವೈದ್ಯರಿಗೆ ಈ ಜೋಡಣೆಯ ಅಭ್ಯಾಸ ಎಷ್ಟಿದೆ, ಒಳಗೆ ನೋಡಿದ ಮೇಲೆ ಹೆಚ್ಚು ಕಷ್ಟದ ಜೋಡಣೆ ಬೇಕೆಂದು ಕಂಡರೆ ಅದನ್ನೂ ಅವರೇ ಮಾಡಬಲ್ಲರೇ, ಒಟ್ಟು ಖರ್ಚೆಷ್ಟು. ಈ ಪ್ರಶ್ನೆಗಳಿಗೆ ಬೇಸರಿಸುವ ಕಡೆ ಚಿಕಿತ್ಸೆ ಮಾಡಿಸುವುದು ಜಾಣತನವಲ್ಲ.

ಖರ್ಚಿನ ವಿಷಯದಲ್ಲಿ ಎಚ್ಚರ ಬೇಕು. ಆಯುಷ್ಮಾನ್ ಕಾರ್ಡ್ ಇದೆ ಎಂಬ ಒಂದೇ ನಂಬಿಕೆಯ ಮೇಲೆ ಹೊರಡಬಾರದು. ಸಂತಾನ ಪಡೆಯುವ ಉದ್ದೇಶದ ಚಿಕಿತ್ಸೆಗಳನ್ನು ಇಂಥ ವಿಮಾ ಯೋಜನೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ, ಮಕ್ಕಳನ್ನು ಕಳೆದುಕೊಂಡ ಕುಟುಂಬಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ರಿಯಾಯಿತಿ ದೊರೆಯುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು ಮುಂದುವರಿಯಬೇಕು. ಹೊಲ ಒತ್ತೆಯಿಟ್ಟು ಹಣ ತಂದು, ಆಮೇಲೆ ಪತ್ನಿಯ ಪರೀಕ್ಷೆಯಲ್ಲಿ ಬೇರೆ ತೊಂದರೆ ಕಂಡುಬಂದರೆ ಆ ಕುಟುಂಬ ಎರಡು ಸಲ ನಷ್ಟ ಅನುಭವಿಸಿದಂತಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು ರಕ್ತ, ಮೂತ್ರ, ಸಕ್ಕರೆ, ರಕ್ತದೊತ್ತಡದ ಪರೀಕ್ಷೆಗಳಾಗುತ್ತವೆ. ವೃಷಣ ಚಿಕ್ಕದೆನಿಸಿದರೆ ಹಾರ್ಮೋನು ಪರೀಕ್ಷೆಯನ್ನೂ ಬರೆಯುತ್ತಾರೆ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಗುಟ್ಕಾ, ಬೀಡಿ, ಸಿಗರೇಟುಗಳನ್ನು ಬಿಡುವುದು ಕೇವಲ ಉಪದೇಶದ ಮಾತಲ್ಲ: ಗಾಯ ಮಾಯಲು ರಕ್ತದ ಹರಿವು ಚೆನ್ನಾಗಿರಬೇಕು, ಮತ್ತು ವೀರ್ಯಾಣು ರೂಪುಗೊಳ್ಳಲು ಸುಮಾರು 70 ದಿನ ಹಿಡಿಯುವುದರಿಂದ ಆ ಅವಧಿಯ ಚಟಗಳ ಪರಿಣಾಮ ಅದರ ಮೇಲೂ ಆಗುತ್ತದೆ.

ಚಿಕಿತ್ಸೆಯ ದಿನ ಬೆನ್ನಿನ ಮೂಲಕ ಅಥವಾ ಪೂರ್ಣ ಅರಿವಳಿಕೆ ಕೊಡುತ್ತಾರೆ. ವೃಷಣಚೀಲದ ಮೇಲೆ ಒಂದು ಅಥವಾ ಎರಡು ಸಣ್ಣ ಗಾಯಗಳಾಗುತ್ತವೆ. ಎರಡೂ ಬದಿ ಸೇರಿ ಎರಡರಿಂದ ನಾಲ್ಕು ಗಂಟೆ ಹಿಡಿಯಬಹುದು. ವೃಷಣದ ಕಡೆಯ ನಾಳದ ತುದಿಯನ್ನು ತೆರೆದಾಗ ಬರುವ ದ್ರವವನ್ನು ವೈದ್ಯರು ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದ್ರವ ತಿಳಿಯಾಗಿದ್ದರೆ, ಅಥವಾ ಅದರಲ್ಲಿ ವೀರ್ಯಾಣುಗಳಿದ್ದರೆ ನಾಳಕ್ಕೆ ನಾಳವನ್ನು ಕೂಡಿಸುತ್ತಾರೆ. ಹಲ್ಲುಜ್ಜುವ ಪೇಸ್ಟಿನಂತೆ ಗಟ್ಟಿಯಾಗಿದ್ದು ವೀರ್ಯಾಣುಗಳೇ ಇಲ್ಲದಿದ್ದರೆ, ಬಹುಕಾಲದ ಒತ್ತಡದಿಂದ ವೃಷಣದ ಬೆನ್ನಿಗಿರುವ ಎಪಿಡಿಡಿಮಿಸ್ ಎಂಬ ಸುರುಳಿನಾಳದಲ್ಲಿ ಇನ್ನೊಂದು ತಡೆ ಉಂಟಾಗಿದೆ ಎಂದು ತಿಳಿಯಬೇಕು. ಆಗ ವೀರ್ಯನಾಳವನ್ನು ನೇರವಾಗಿ ಆ ಸುರುಳಿನಾಳಕ್ಕೆ ಜೋಡಿಸಬೇಕಾಗುತ್ತದೆ. ಈ ಜೋಡಣೆ ಹೆಚ್ಚು ಕಠಿಣ, ಫಲವೂ ಕಡಿಮೆ. ಯಾವ ಜೋಡಣೆ ಬೇಕಾಗುತ್ತದೆ ಎಂಬುದು ಒಳಗೆ ನೋಡುವವರೆಗೆ ಖಚಿತವಾಗುವುದಿಲ್ಲ. ವರ್ಷಗಳು ಹೆಚ್ಚಿದಷ್ಟೂ ಎರಡನೆಯದರ ಸಂಭವ ಹೆಚ್ಚು.

ಅನೇಕರು ಅದೇ ದಿನ ಅಥವಾ ಮರುದಿನ ಮನೆಗೆ ಮರಳುತ್ತಾರೆ. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಿಗೆ ಹುಬ್ಬಳ್ಳಿಯಿಂದ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಬರುವುದು ಸಲ್ಲದು. ಕಾರು, ಅದು ಇಲ್ಲದಿದ್ದರೆ ಬಸ್ಸಿನ ಮುಂದಿನ ಆಸನ. ಹುಬ್ಬಳ್ಳಿಯಿಂದ ಗದಗದವರೆಗೆ ರೈಲಿನಲ್ಲಿ ಬಂದರೆ ಕುಲುಕಾಟ ಇನ್ನೂ ಕಡಿಮೆ.

ಮೊದಲ ಎರಡು ದಿನ ನೋವು, ಬಾವು ಇರುತ್ತದೆ. ಚರ್ಮ ನೀಲಿಗಟ್ಟುವುದೂ ಸಹಜ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಟ್ಟೆಯಲ್ಲಿ ಸುತ್ತಿ, ಒಮ್ಮೆಗೆ 15-20 ನಿಮಿಷ ಇಟ್ಟು ತೆಗೆಯಬೇಕು. ಬರಿ ಐಸನ್ನು ಚರ್ಮಕ್ಕೆ ಹಚ್ಚಬಾರದು, ಪಟ್ಟಿ ಒದ್ದೆಯಾಗಬಾರದು. ಈ ಎರಡು ದಿನ ಹೆಚ್ಚು ಹೊತ್ತು ಮಲಗಿಯೇ ಇರುವುದು ಒಳ್ಳೆಯದು. ವೃಷಣಚೀಲ ಜೋತು ಬೀಳದಂತೆ ಬಿಗಿಯಾದ ಒಳ ಉಡುಪು ಹಗಲೂ ರಾತ್ರಿ ಇರಬೇಕು, ಅದೂ ಕೆಲವು ವಾರಗಳವರೆಗೆ. ಗರಡಿಮನೆಯ ಪೈಲ್ವಾನರ ಲಂಗೋಟಿ ಮಾಡುವ ಕೆಲಸವೇ ಇದು. ಅಂಗಡಿಯ ಆಧಾರಪಟ್ಟಿ ಸಿಗದ ಊರಿನಲ್ಲಿ ಶುಭ್ರವಾದ ಲಂಗೋಟಿ ಆದೀತೇ ಎಂದು ವೈದ್ಯರನ್ನು ಕೇಳಿದರೆ ಅವರು ಬೇಡವೆನ್ನುವ ಸಂಭವ ಕಡಿಮೆ. ಸಾಮಾನ್ಯವಾಗಿ ಎರಡು ದಿನಗಳ ನಂತರ ಮೈಮೇಲೆ ನೀರು ಸುರಿದುಕೊಂಡು ಸ್ನಾನ ಮಾಡಬಹುದು. ಕೆರೆ, ಕಾಲುವೆ, ಹೊಳೆಯಲ್ಲಿ ಇಳಿಯುವುದು ಗಾಯ ಪೂರ್ತಿ ಮಾಯುವವರೆಗೆ ಬೇಡ. ತುಂಗಭದ್ರೆಯ ದಂಡೆಯ ಊರುಗಳವರಿಗೆ ಇದನ್ನು ಒತ್ತಿ ಹೇಳಬೇಕು. ಹೊಲಿಗೆಗಳು ಬಹುಮಟ್ಟಿಗೆ ತಾವಾಗಿಯೇ ಕರಗುತ್ತವೆ. ಅರಿಷಿಣ, ಎಲೆಯ ರಸ, ಬೂದಿ ಯಾವುದನ್ನೂ ಗಾಯಕ್ಕೆ ಹಚ್ಚಬಾರದು.

ದುಡಿಮೆಯ ವಿಷಯವೇ ಈ ಭಾಗದಲ್ಲಿ ಹೆಚ್ಚು ತೊಡಕಿನದು. ಪಟ್ಟಣದ ಕಚೇರಿಯ ನೌಕರನಿಗೆ "ಒಂದು ವಾರದ ನಂತರ ಕೆಲಸಕ್ಕೆ ಹೋಗಿ" ಎಂದು ಹೇಳಿದ ಮಾತನ್ನು ರೈತನೊಬ್ಬ ಹಾಗೆಯೇ ಪಾಲಿಸಿದರೆ ಜೋಡಿಸಿದ ನಾಳ ಹರಿದೀತು. ಕುಳಿತು ಮಾಡುವ ಹಗುರ ಕೆಲಸಕ್ಕೆ ಒಂದು ವಾರ ಸಾಕು. ಭಾರ ಎತ್ತುವ, ತಿಣುಕುವ, ಕುಲುಕುವ ಕೆಲಸಕ್ಕೆ ಮೂರರಿಂದ ನಾಲ್ಕು ವಾರ ಬೇಕು. ಗದಗ ಎ.ಪಿ.ಎಂ.ಸಿ.ಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿಯ ಚೀಲ ಹೊರುವ ಹಮಾಲರು, ಬೆನ್ನಿಗೆ ಔಷಧದ ಪಂಪು ಕಟ್ಟುವವರು, ರಂಟೆ-ಕುಂಟೆ ಹೊಡೆಯುವವರು, ಟ್ರ್ಯಾಕ್ಟರ್ ಓಡಿಸುವವರು ಈ ಅವಧಿಯನ್ನು ಪೂರ್ತಿ ಬಿಡುವಾಗಿಟ್ಟುಕೊಳ್ಳಬೇಕು. ಕುಣಿಮಗ್ಗದಲ್ಲಿ ಕುಳಿತು ಕಾಲಿನಿಂದ ತುಳಿಯುವ ನೇಕಾರರದ್ದೂ ಮೇಲ್ನೋಟಕ್ಕೆ ಕುಳಿತ ಕೆಲಸವೇ. ಆದರೆ ತೊಡೆಗಳು ಎಡೆಬಿಡದೆ ಆಡುವುದರಿಂದ ಅದನ್ನು ಹಗುರವೆಂದು ಎಣಿಸಬಾರದು. ಆದ್ದರಿಂದ ತುರ್ತು ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ದಿನವನ್ನು ಹಿಂಗಾರಿನ ಕಡಲೆ ರಾಶಿ ಮುಗಿದ ಮೇಲೆ, ಮುಂಗಾರಿನ ಬಿತ್ತನೆಗೆ ಮೊದಲು ಹೊಂದಿಸಿಕೊಳ್ಳುವುದು ವಿವೇಕ. ಉದ್ಯೋಗ ಖಾತರಿಯ ಮಣ್ಣು ಕೆಲಸದಲ್ಲಿ ಇಂಥವರ ಹೆಸರಿದ್ದರೆ, ಕಾರಣವನ್ನು ಬಯಲಿಗೆ ತರದೆ ಆ ವಾರಗಳ ಮಟ್ಟಿಗೆ ಬಿಡುವು ಕೊಡಿಸುವುದು ಸದಸ್ಯರ ಕೈಯಲ್ಲಿರುವ ಸಹಾಯ.

ದಾಂಪತ್ಯ ಸಂಪರ್ಕಕ್ಕೂ ಸುಮಾರು ಮೂರು-ನಾಲ್ಕು ವಾರ ತಡೆಯಬೇಕು. ನಿಖರವಾದ ದಿನವನ್ನು ಚಿಕಿತ್ಸೆ ಮಾಡಿದ ವೈದ್ಯರೇ ಹೇಳುತ್ತಾರೆ. ಮೊದಲ ಕೆಲವು ಸಲ ವೀರ್ಯದಲ್ಲಿ ತುಸು ರಕ್ತದ ಬಣ್ಣ ಕಂಡರೆ ಅದು ಸಾಮಾನ್ಯ. ಸಾಮಾನ್ಯವಲ್ಲದ ಲಕ್ಷಣಗಳು ಬೇರೆ ಇವೆ: ಚಳಿಜ್ವರ, ಗಾಯದಿಂದ ಕೀವು, ಮೂತ್ರ ಕಟ್ಟುವುದು, ಗುಳಿಗೆಗೂ ಜಗ್ಗದ ನೋವು, ಗಂಟೆಗಂಟೆಗೆ ದೊಡ್ಡದಾಗಿ ಗಟ್ಟಿಯಾಗುವ ಬಾವು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಹುಬ್ಬಳ್ಳಿಯವರೆಗೆ ಹೋಗಲಾಗದಿದ್ದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ತಲುಪಬೇಕು.

ಶರೀರ ಒಂದು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ಮನಸ್ಸಿನ ಪರೀಕ್ಷೆ ಆಮೇಲೆ ಶುರುವಾಗುತ್ತದೆ. ಮೊದಲ ವೀರ್ಯ ಪರೀಕ್ಷೆ ಆರು-ಎಂಟು ವಾರಗಳಿಗೆ, ನಂತರ ಎರಡು-ಮೂರು ತಿಂಗಳಿಗೊಮ್ಮೆ. ನೇರ ಜೋಡಣೆಯಾಗಿದ್ದರೆ ಮೂರು ತಿಂಗಳೊಳಗೆ ವೀರ್ಯಾಣುಗಳು ಕಾಣುವುದು ಹೆಚ್ಚು, ಕೆಲವರಲ್ಲಿ ಆರು ತಿಂಗಳಾಗುತ್ತದೆ. ಸುರುಳಿನಾಳಕ್ಕೆ ಜೋಡಿಸಿದ್ದರೆ ಒಂದು ವರ್ಷವೂ ಹಿಡಿಯಬಹುದು. ಗರ್ಭ ನಿಲ್ಲಲು ಸರಾಸರಿ ಒಂದು ವರ್ಷ ಬೇಕು. ಎರಡು ವರ್ಷವಾದ ಉದಾಹರಣೆಗಳೂ ಧಾರಾಳ. ಮೊದಲ ವರದಿಯಲ್ಲಿ ಸೊನ್ನೆ ಬಂದಿತೆಂದು ಎದೆಗುಂದಿ ಮುಂದಿನ ಪರೀಕ್ಷೆಗಳನ್ನೇ ಬಿಟ್ಟವರಿದ್ದಾರೆ. ಇದಕ್ಕೆ ವಿರುದ್ಧವಾದ ಸಂಗತಿಯೂ ಇದೆ: ಮೊದಲು ತೆರೆದ ನಾಳ ಕೆಲವರಲ್ಲಿ ತಿಂಗಳುಗಳ ನಂತರ ಗಾಯದ ಗಂಟಿನಿಂದ ಮತ್ತೆ ಮುಚ್ಚುತ್ತದೆ. ಹೀಗಾಗಿ ವೀರ್ಯಾಣುಗಳು ಕಂಡ ಆರಂಭದಲ್ಲಿಯೇ ಸ್ವಲ್ಪವನ್ನು ಶೈತ್ಯೀಕರಿಸಿ ಕಾಯ್ದಿಡುವ ಸೌಲಭ್ಯದ ಬಗ್ಗೆ ವೈದ್ಯರಲ್ಲಿ ಕೇಳುವುದುಂಟು.

ಈ ಕಾಯುವಿಕೆಯ ಕಾಲದಲ್ಲಿ ಮನೆಯ ಹೆಣ್ಣುಮಗಳ ಮೇಲೆ ಬೀಳುವ ಒತ್ತಡವನ್ನು ಯಾರೂ ಗಮನಿಸುವುದಿಲ್ಲ. ಗಂಡನಿಗೆ "ಎಲ್ಲಾ ಸರಿ ಆಗೇತಿ" ಎಂದು ಬಂದ ವರದಿ ಅತ್ತೆಯ ಕೈಯಲ್ಲಿ ಸೊಸೆಯ ಮೇಲಿನ ದೂರಾಗಿ ಮಾರ್ಪಡುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯಾಗಿದ್ದರೆ, ದುಃಖ ಆರುವ ಮೊದಲೇ ಇನ್ನೊಂದು ಮಗುವಿನ ಹೊಣೆ ಅವಳ ತಲೆಗೆ ಬರುತ್ತದೆ. ಇಂಥ ಮನೆಗೆ ಹೋಗಿಬರುವ ಆಶಾ ಕಾರ್ಯಕರ್ತೆಯರಿಗೆ ಸದಸ್ಯರ ಬೆಂಬಲ ಬೇಕು. ಹೆಣ್ಣುಮಕ್ಕಳಿದ್ದು ಗಂಡು ಸಂತಾನಕ್ಕಾಗಿಯೇ ಮರುಜೋಡಣೆ ಬಯಸುವವರೂ ಬರುತ್ತಾರೆ. ಮುಂದಿನ ಮಗು ಹೆಣ್ಣೋ ಗಂಡೋ ಎಂಬುದನ್ನು ಈ ಚಿಕಿತ್ಸೆ ತೀರ್ಮಾನಿಸಲಾರದೆಂದು ಅವರಿಗೆ ನೇರವಾಗಿ ಹೇಳಬೇಕು. ಭ್ರೂಣದ ಲಿಂಗ ಪತ್ತೆ 1994ರ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ಜೊತೆಗೇ ಹೇಳಬೇಕು.

ಜೋಡಣೆ ಫಲಿಸದಿದ್ದರೆ, ಅಥವಾ ಪತ್ನಿಯ ವಯಸ್ಸಿನಿಂದಾಗಿ ಕಾಯಲು ಸಮಯವಿಲ್ಲದಿದ್ದರೆ, ವೃಷಣದಿಂದಲೇ ವೀರ್ಯಾಣು ತೆಗೆದು ಪ್ರಯೋಗಾಲಯದಲ್ಲಿ ಅಂಡಾಣುವಿಗೆ ಸೇರಿಸುವ ವಿಧಾನವಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯಂತೆ ಈ ಸೇವೆಗೆ ಮಹಿಳೆಯ ವಯಸ್ಸು 21ರಿಂದ 50, ಪುರುಷನದು 21ರಿಂದ 55 ವರ್ಷಗಳೊಳಗಿರಬೇಕು, ಮತ್ತು ಕೇಂದ್ರ ನೋಂದಾಯಿತವಾಗಿರಬೇಕು. ಖರ್ಚು ದೊಡ್ಡದು, ಪ್ರತಿ ಪ್ರಯತ್ನವೂ ಫಲಿಸುವುದಿಲ್ಲ. ದತ್ತು ಪಡೆಯಬಯಸುವವರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ದಾರಿ ತೋರಿಸುತ್ತದೆ. ಯಾರೋ ಪರಿಚಿತರ ಮೂಲಕ ಆಸ್ಪತ್ರೆಯಿಂದಲೇ ಮಗು ತರುವುದು ದತ್ತು ಅಲ್ಲ, ಅದು ಕಾನೂನುಬಾಹಿರ.

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಆರೋಗ್ಯ ಇಲಾಖೆ ಪುರುಷರ ಸಂತಾನಹರಣ ಚಿಕಿತ್ಸೆಗೆಂದು ಪಾಕ್ಷಿಕ ಆಚರಿಸುತ್ತದೆ. ಆಗ ಜನರನ್ನು ಒಪ್ಪಿಸುವ ಉತ್ಸಾಹದಲ್ಲಿ "ಬೇಕಾದರೆ ಮತ್ತೆ ಕೂಡಿಸಬಹುದು" ಎಂಬ ಮಾತು ಸದಸ್ಯರ ಬಾಯಿಂದ ಬರಬಾರದು. ಇದು ಶಾಶ್ವತ ವಿಧಾನ, ಮರುಜೋಡಣೆ ದೊಡ್ಡ ಶಸ್ತ್ರಚಿಕಿತ್ಸೆ, ಅದರ ಫಲಕ್ಕೆ ಖಾತರಿಯಿಲ್ಲ ಎಂದು ಮೊದಲೇ ತಿಳಿಸಬೇಕೆಂಬುದು ಸರ್ಕಾರದ್ದೇ ನಿಯಮ. ದಂಪತಿಗಳಿಗೆ ಒಂದು ವರ್ಷ ಮೀರಿದ ಮಗುವಾದರೂ ಒಂದಿರಬೇಕೆಂಬುದೂ ನಿಯಮ. ಕಿರಿಯ ಮಗು ಇನ್ನೂ ತೊಟ್ಟಿಲಲ್ಲಿದ್ದಾಗ, ಅಥವಾ ಮನೆಯಲ್ಲಿ ಜಗಳ, ಸಾಲ, ಸಾವಿನ ಬಿಸಿಯಿದ್ದಾಗ ನಿರ್ಧಾರ ಮಾಡುವವರಿಗೆ ಕಾಪರ್-ಟಿ, ಕಾಂಡೋಮ್, ಅಂತರ ಚುಚ್ಚುಮದ್ದಿನಂಥ ತಾತ್ಕಾಲಿಕ ವಿಧಾನಗಳನ್ನು ತಿಳಿಸಿ, ಆರು ತಿಂಗಳು ಯೋಚಿಸಲು ಹೇಳಿದರೆ ಕಾರ್ಯಕ್ರಮಕ್ಕೇನೂ ಹಾನಿಯಿಲ್ಲ. ಯೋಚಿಸಿ ಬಂದವರು ಮುಂದೆ ಮರುಜೋಡಣೆ ಕೇಳಿಕೊಂಡು ಬರುವುದು ಕಡಿಮೆ. ವ್ಯಾಸೆಕ್ಟಮಿಯಾದ ಮೇಲೂ ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ಪ್ರಮಾಣಪತ್ರ ಪಡೆದು ಭದ್ರವಾಗಿಡಬೇಕು. ಮುಂದೆಂದೋ ಮರುಜೋಡಣೆಗೆ ಹೋಗುವ ದಿನ ಬಂದರೆ ವೈದ್ಯರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಕೊನೆಯದಾಗಿ ಗೋಪ್ಯತೆಯ ವಿಷಯ. ಇಂಥ ಸಹಾಯ ಕೇಳಿಬಂದವರ ಹೆಸರು ಗ್ರಾಮ ಪಂಚಾಯತಿಯ ನಡಾವಳಿ ಪುಸ್ತಕದಲ್ಲಾಗಲಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಚರ್ಚೆಯಲ್ಲಾಗಲಿ, ವಾಟ್ಸಾಪ್ ಗುಂಪಿನಲ್ಲಾಗಲಿ ಬರಬಾರದು. ವೈದ್ಯಾಧಿಕಾರಿಗಳಿಗೆ ತಿಳಿಸಬೇಕಾದರೆ ಆ ದಂಪತಿಗಳ ಒಪ್ಪಿಗೆ ಪಡೆದು, ದೂರವಾಣಿಯಲ್ಲಿ ಅಥವಾ ಮುಖತಃ ತಿಳಿಸಬೇಕು. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಸಂದರ್ಭ ಬಂದರೆ, ತಪಾಸಣೆಯ ಕೋಣೆಯೊಳಗೆ ದಂಪತಿಗಳನ್ನು ಮಾತ್ರ ಕಳುಹಿಸಿ ಸದಸ್ಯರು ಹೊರಗೆ ಕುಳಿತಿರುವುದು ಸರಿಯಾದ ಕ್ರಮ.